ಲೀಸ್ ಮನೆ ಮತ್ತು ದುಡಿದವನ ಗಂಟು

ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ನಡೆದು ಹೋಗುವವನಿಗೆ ಮನೆಗಳ ಗೇಟಿನ ಮೇಲೆ ಎರಡು ಬಗೆಯ ಹಲಗೆಗಳು ಕಾಣುತ್ತವೆ. ಒಂದು ‘ಮನೆ ಬಾಡಿಗೆಗೆ ಇದೆ’ ಎನ್ನುತ್ತದೆ. ಇನ್ನೊಂದು ‘ಮನೆ ಲೀಸಿಗೆ ಇದೆ’ ಎನ್ನುತ್ತದೆ. ಮೊದಲನೆಯ ಹಲಗೆಯ ವಿಷಯದಲ್ಲಿ ನಾವು ಹೇಳಬೇಕಾದ್ದು ಹೆಚ್ಚಿಲ್ಲ. ಎರಡನೆಯದರ ವಿಷಯದಲ್ಲಿ ಬಹಳವಿದೆ.

ಜಿಲ್ಲಾ ಪಟ್ಟಣದಲ್ಲಿ ಕುಳಿತು ಪತ್ರಿಕೆ ನಡೆಸುವ ನಾವು ಬೆಂಗಳೂರಿನ ಪೇಟೆಯೊಂದರ ಮನೆಗಳ ಚಿಂತೆಯನ್ನು ತಲೆಗೆ ಹಚ್ಚಿಕೊಳ್ಳುವುದೇಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾದದ್ದು. ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನ ಕೈಗೆ ಕೊನೆಯಲ್ಲಿ ಭವಿಷ್ಯನಿಧಿಯೆಂದೂ ಗ್ರಾಚ್ಯುಟಿಯೆಂದೂ ಒಂದು ಗಂಟು ಬರುತ್ತದೆ. ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸ ಹಿಡಿದಿದ್ದರೆ, ಆ ಗಂಟನ್ನು ಒಂದು ಲೀಸ್ ಮನೆಗೆ ಹಾಕುವ ಯೋಚನೆ ಮನೆಯಲ್ಲಿ ಹುಟ್ಟುತ್ತದೆ. ಅಂಗಡಿ ಮುಚ್ಚಿ ಮಕ್ಕಳ ಹತ್ತಿರ ಹೊರಟ ಸಣ್ಣ ವ್ಯಾಪಾರಿಯ ಕಥೆಯೂ ಇದೇ. ಆ ಹಣ ಲಾಭದ ಹಣವಲ್ಲ, ಉಳಿತಾಯದ ಹಣವೆನ್ನುವುದೂ ಸಾಲದು. ಅದು ಕೂಡಿಟ್ಟ ವಯಸ್ಸು. ಅದು ಹೋದರೆ ಮತ್ತೆ ದುಡಿಯುವ ವಯಸ್ಸು ಇರುವುದಿಲ್ಲ.

ಲೀಸ್ ಎಂಬ ಒಂದೇ ಮಾತು ಬೆಂಗಳೂರಿನಲ್ಲಿ ಬೇರೆ ಬೇರೆ ವ್ಯವಹಾರಗಳಿಗೆ ಹೆಸರಾಗಿದೆ. ಕಾನೂನಿನ ಪುಸ್ತಕದಲ್ಲಿ ಲೀಸ್ ಎಂದರೆ ಗುತ್ತಿಗೆ. ತಿಂಗಳ ಬಾಡಿಗೆಯೂ ಗುತ್ತಿಗೆಯೇ, ತೊಂಬತ್ತೊಂಬತ್ತು ವರ್ಷದ್ದೂ ಗುತ್ತಿಗೆಯೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನ ಪಡೆದವನ ಬಾಯಲ್ಲಿ ಲೀಸ್ ಎಂದರೆ ಕ್ರಯಕ್ಕೆ ಮೊದಲಿನ ಹತ್ತು ವರ್ಷದ ಕರಾರು. ಗೇಟಿನ ಮೇಲಿನ ಹಲಗೆಯ ಲೀಸ್ ಇವೆರಡೂ ಅಲ್ಲ. ಅದು ನಮ್ಮ ಹಿರಿಯರು ಭೋಗ್ಯವೆಂದು ಕರೆಯುತ್ತಿದ್ದ ವ್ಯವಹಾರದ ಹೊಸ ವೇಷ. ಮನೆಗೆ ಬರುವವನು ಒಂದು ದೊಡ್ಡ ಮೊತ್ತವನ್ನು ಮಾಲೀಕನ ಕೈಗೆ ಕೊಡುತ್ತಾನೆ, ಬಾಡಿಗೆ ಕೊಡುವುದಿಲ್ಲ, ಎರಡು ಮೂರು ವರ್ಷ ಕಳೆದ ಮೇಲೆ ಮನೆ ಬಿಟ್ಟು ಅದೇ ಮೊತ್ತವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುತ್ತಾನೆ.

ಲೆಕ್ಕ ನೋಡಿದರೆ ಇದು ಹಿತವಾಗಿಯೇ ಕಾಣುತ್ತದೆ. ಹತ್ತು ಲಕ್ಷ ರೂಪಾಯಿಯನ್ನು ನೂರಕ್ಕೆ ಏಳರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 70,000 ರೂಪಾಯಿ, ತಿಂಗಳಿಗೆ ಆರು ಸಾವಿರಕ್ಕೂ ಕಡಿಮೆ ಬರುತ್ತದೆ. ಅಷ್ಟಕ್ಕೆ ಚಾಮರಾಜಪೇಟೆಯಲ್ಲಿ ಎರಡು ಕೋಣೆಯ ಮನೆ ಯಾರು ಕೊಡುತ್ತಾರೆ? ತಿಂಗಳ ಕೊನೆಯಲ್ಲಿ ಬಾಡಿಗೆಯ ಕಾಟವಿಲ್ಲ, ಅಸಲು ಹಾಗೆಯೇ ಉಳಿಯಿತು ಎಂದು ಹಿಗ್ಗುವವನನ್ನು ನಾವು ದೂರುವುದಿಲ್ಲ. ಆದರೆ ಅಸಲು ಉಳಿದಿರುವುದು ಎಲ್ಲಿ? ಮಾಲೀಕನ ಮಾತಿನಲ್ಲಿ. ಹತ್ತು ಲಕ್ಷವನ್ನು ಆತ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾ ಕೂರುವುದಿಲ್ಲ. ಹಳೆಯ ಸಾಲ ತೀರಿಸಲು, ಮಗಳ ಮದುವೆಗೆ, ಇಲ್ಲವೆ ಮೇಲೊಂದು ಮಹಡಿ ಎತ್ತಲು ಅದನ್ನು ಬಳಸಿರುತ್ತಾನೆ. ನಿಮಗೆ ಹಿಂದಕ್ಕೆ ಕೊಡುವುದು ಮುಂದೆ ಬರುವ ಲೀಸಿನವನ ಹಣದಿಂದ. ಮುಂದಿನವನು ಬಾರದಿದ್ದರೆ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಕಾಗದ. ಆದುದರಿಂದ ಕಾಗದದ ವಿಚಾರಕ್ಕೆ ಬರೋಣ.

ಹೆಚ್ಚಿನ ಕಡೆ ನಡೆಯುವುದು ಹೀಗೆ: ಸಣ್ಣ ಬೆಲೆಯ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು, ಇಲ್ಲವೆ ಎರಡು ಮೂರು ವರ್ಷದ ಕರಾರು, ಒಬ್ಬ ನೋಟರಿಯ ಮೊಹರು, ಅಷ್ಟಕ್ಕೆ ಮುಗಿಯಿತು. ನೋಟರಿಯ ಮೊಹರು ಬಿದ್ದರೆ ನೋಂದಣಿಯಾಯಿತೆಂದು ತಿಳಿದವರು ಓದು ಬಲ್ಲವರಲ್ಲೂ ಇದ್ದಾರೆ. ಅದು ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೆಯ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೆಯ ಕಲಂ ಒಂದೇ ಮಾತು ಹೇಳುತ್ತವೆ: ಒಂದು ವರ್ಷಕ್ಕೆ ಮೀರಿದ ಸ್ಥಿರಾಸ್ತಿಯ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿತವಾಗಲೇಬೇಕು. ನೋಂದಣಿಯಿಲ್ಲದ ಮೂರು ವರ್ಷದ ಕರಾರನ್ನು ಹಿಡಿದು ‘ಮೂರು ವರ್ಷ ಇರುವ ಹಕ್ಕು ನನ್ನದು’ ಎಂದು ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಅದೇ ನೋಂದಣಿ ಕಾಯ್ದೆಯ 49ನೆಯ ಕಲಂ ಅಡ್ಡ ನಿಲ್ಲುತ್ತದೆ. ಛಾಪಾ ಸುಂಕ ಕಡಿಮೆ ಕಟ್ಟಿದ್ದರೆ ಇನ್ನೊಂದು ತೊಡಕು. 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ ಪ್ರಕಾರ ಕೊರತೆಯ ಸುಂಕವನ್ನೂ ಅದರ ಹತ್ತು ಪಟ್ಟಿನವರೆಗೆ ದಂಡವನ್ನೂ ಕಟ್ಟಿದ ಹೊರತು ಆ ಕಾಗದವನ್ನು ಸಾಕ್ಷ್ಯವಾಗಿ ನೋಡುವುದಿಲ್ಲ. ನೂರು ರೂಪಾಯಿ ಉಳಿಸಿದವನು ಸಾವಿರಗಳನ್ನು ಕಟ್ಟುವುದು ಹೀಗೆ.

ಕಾಗದದ ಹೆಸರೂ ಮುಖ್ಯ. ‘ಬಾಡಿಗೆ ಕರಾರು, ಹತ್ತು ಲಕ್ಷ ಠೇವಣಿ’ ಎಂದು ಬರೆದರೆ ಆ ಹಣ ಮಾಲೀಕನು ನಿಮಗೆ ಕೊಡಬೇಕಾದ ಬರಿಯ ಸಾಲದ ಬಾಕಿಯಾಗುತ್ತದೆ. ಮನೆಯ ಮೇಲೆ ಅದರ ಭಾರ ತಾನಾಗಿ ಬೀಳುವುದಿಲ್ಲ. ಅದೇ ಹಣಕ್ಕೆ ಸ್ವಾಧೀನ ಭೋಗ್ಯ ಪತ್ರ ಬರೆಯಿಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ನೋಂದಾಯಿಸಿದರೆ ಅದು ಆಸ್ತಿ ವರ್ಗಾವಣೆ ಕಾಯ್ದೆಯ 58 ಮತ್ತು 59ನೆಯ ಕಲಮುಗಳ ಅಡಮಾನವಾಗುತ್ತದೆ. ಆಗ ನಿಮ್ಮ ಹಣಕ್ಕೆ ಮನೆಯೇ ಆಧಾರ. ಹಣ ತೀರುವವರೆಗೆ ಸ್ವಾಧೀನ ನಿಮ್ಮದು. ಮಾಲೀಕನು ಮನೆ ಮಾರಲು ಹೊರಟರೆ ಕೊಳ್ಳುವವನು ತೆಗೆಸುವ ಋಣಭಾರ ಪತ್ರದಲ್ಲಿ ನಿಮ್ಮ ಹೆಸರು ಕಾಣುತ್ತದೆ. ಇಷ್ಟು ಅನುಕೂಲವಿದ್ದರೂ ಜನ ಭೋಗ್ಯ ಪತ್ರವನ್ನು ಏಕೆ ಬರೆಯಿಸುವುದಿಲ್ಲ? ಮುದ್ರಾಂಕ ಶುಲ್ಕ ಹೆಚ್ಚೆಂದು ಇಬ್ಬರೂ ಹಿಂಜರಿಯುತ್ತಾರೆ. ಮಾಲೀಕನಿಗಂತೂ ಋಣಭಾರ ಪತ್ರದಲ್ಲಿ ಕಲೆ ಬೀಳುವುದು ಬೇಡ. ಕಲೆ ಬೇಡವೆನ್ನುವ ಮಾಲೀಕನ ಮನಸ್ಸಿನಲ್ಲಿ ಏನಿದೆಯೆಂದು ಹಣ ಕೊಡುವವನು ಒಂದು ಗಳಿಗೆ ಯೋಚಿಸಬೇಕು.

ಬ್ಯಾಂಕಿನ ಸಾಲ ಎಲ್ಲಕ್ಕಿಂತ ದೊಡ್ಡ ಅಪಾಯ. ಮನೆಯ ಮೇಲೆ ಸಾಲ ತೆಗೆದ ಮಾಲೀಕನು ಕಂತು ಕಟ್ಟಲಾರದೆ, ಲೀಸಿನ ಹಣ ತೆಗೆದುಕೊಂಡು ಕೆಲವು ಕಂತು ತುಂಬಿ, ಆಮೇಲೆ ಕೈ ಚೆಲ್ಲಿದನೆಂದು ಇಟ್ಟುಕೊಳ್ಳಿ. 2002ರ ಸರ್ಫೇಸಿ ಕಾಯ್ದೆಯ ಕೆಳಗೆ ಬ್ಯಾಂಕು ಅವನಿಗೆ ಅರವತ್ತು ದಿನದ ನೋಟೀಸು ಕೊಡುತ್ತದೆ. ನೋಟೀಸು ಹೋಗುವುದು ಸಾಲಗಾರನಿಗೆ. ಒಳಗೆ ವಾಸವಿರುವ ನಿಮಗೆ ಸಂಗತಿ ತಿಳಿಯುವುದು ಬಾಗಿಲಿಗೆ ಕಾಗದ ಅಂಟಿಸಿದ ದಿನ. ಆಗ ನಿಮ್ಮ ಕರಾರು ನೋಂದಣಿಯಾಗಿದೆಯೆ, ಅಡಮಾನಕ್ಕೆ ಮೊದಲಿನದೆ, ನಂತರದ್ದೆ ಎಂಬ ಪ್ರಶ್ನೆಗಳು ಏಳುತ್ತವೆ. ಅಡಮಾನವಾದ ಮೇಲೆ ಮಾಲೀಕನು ಕೊಡಬಹುದಾದ ಗುತ್ತಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 65-ಎ ಕಲಂ ಗೆರೆ ಎಳೆದಿದೆ: ಕಟ್ಟಡವಾದರೆ ಮೂರು ವರ್ಷ ಮೀರಬಾರದು, ನ್ಯಾಯವಾದ ಬಾಡಿಗೆ ಇರಬೇಕು, ಬಾಡಿಗೆಯನ್ನು ಮುಂಗಡವಾಗಿ ಹೊಡೆದುಕೊಳ್ಳಬಾರದು. ಬಾಡಿಗೆಯೇ ಇಲ್ಲದ ನಮ್ಮ ಬೆಂಗಳೂರು ಲೀಸು ಆ ಗೆರೆಯೊಳಗೆ ಕೂರುವುದು ಕಷ್ಟ. ಬ್ಯಾಂಕಿನ ನೋಟೀಸು ಹೊರಟ ಮೇಲೆ ಅದರ ಲಿಖಿತ ಒಪ್ಪಿಗೆಯಿಲ್ಲದೆ ಗುತ್ತಿಗೆ ಕೊಡಲು ಸರ್ಫೇಸಿ ಕಾಯ್ದೆಯ 13ನೆಯ ಕಲಮೇ ಬಿಡುವುದಿಲ್ಲ.

ಬಾಡಿಗೆದಾರನಿಗೆ ನ್ಯಾಯಾಲಯಗಳು ಕಿವಿಗೊಟ್ಟೇ ಇಲ್ಲವೆಂದು ನಾವು ಹೇಳುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು, ಅಡಮಾನಕ್ಕೆ ಮೊದಲೇ ಕಾನೂನುಬದ್ಧವಾಗಿ ಬಂದ ಗುತ್ತಿಗೆದಾರನನ್ನು ಬ್ಯಾಂಕು ಸುಮ್ಮನೆ ಎತ್ತಿ ಹೊರಗೆ ಹಾಕುವಂತಿಲ್ಲವೆಂದಿತು. 2016ರ ತಿದ್ದುಪಡಿಯಿಂದ ಅಂಥವನು ಸಾಲ ವಸೂಲಿ ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕು ಹೇಳಿಕೊಳ್ಳುವ ದಾರಿಯೂ ಆಯಿತು. ಆದರೆ 2019ರಲ್ಲಿ ಅದೇ ಸುಪ್ರೀಂ ಕೋರ್ಟು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು: ನೋಂದಣಿಯಿಲ್ಲದ ಕಾಗದವನ್ನೋ ಬಾಯಿಮಾತನ್ನೋ ನಂಬಿದವನಿಗೆ ಒಂದು ವರ್ಷಕ್ಕಿಂತ ಹೆಚ್ಚಿನ ರಕ್ಷಣೆ ಸಿಗದು. ಮತ್ತೆ ನಾವು ಸಬ್ ರಿಜಿಸ್ಟ್ರಾರರ ಕಚೇರಿಯ ಬಾಗಿಲಿಗೇ ಬಂದೆವು.

ಸಾಲವಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಋಣಭಾರ ಪತ್ರವನ್ನು ಈಗ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ತೆಗೆಯಬಹುದು. ಅದೊಂದನ್ನೇ ನಂಬಬಾರದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಅದರಲ್ಲಿ ಕಾಣದಿರಬಹುದು. ಅದಕ್ಕಾಗಿ 2011ರಿಂದ ಸೆರ್ಸಾಯಿ ಎಂಬ ಕೇಂದ್ರ ದಾಖಲೆಯಿದೆ; ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇದೆಲ್ಲಕ್ಕಿಂತ ಸುಲಭದ ಉಪಾಯ ಒಂದುಂಟು: ‘ಸ್ವಾಮಿ, ಮೂಲ ಕ್ರಯಪತ್ರ ತೋರಿಸಿ’ ಎಂದು ಕೇಳುವುದು. ನಕಲು ತೋರಿಸಿ, ಮೂಲ ಲಾಕರಿನಲ್ಲಿದೆ, ಊರಿನಲ್ಲಿದೆ, ಅಣ್ಣನ ಹತ್ತಿರ ಇದೆ ಎನ್ನುವ ಮನೆಯಿಂದ ಗಂಟಿನೊಡನೆ ಎದ್ದು ಬರುವುದು ಮೇಲು.

ಅಣ್ಣನ ಮಾತು ಬಂತು. ಚಾಮರಾಜಪೇಟೆ ನಿನ್ನೆ ಮೊನ್ನೆಯ ಬಡಾವಣೆಯಲ್ಲ. ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1892ರಲ್ಲಿ, ಪ್ಲೇಗಿಗೂ ಮೊದಲು, ಹಳೆಯ ಕೋಟೆಯ ಮಗ್ಗುಲಲ್ಲಿ ಗೆರೆ ಎಳೆದಂತೆ ರಸ್ತೆ ಹಾಕಿ ಕಟ್ಟಿದ ಪೇಟೆ ಅದು. ಬಸವನಗುಡಿ, ಮಲ್ಲೇಶ್ವರಗಳು ಅದರ ತಮ್ಮಂದಿರು. ಇಂಥ ಹಳೆಯ ಪೇಟೆಯಲ್ಲಿ ಅಜ್ಜನ ಹೆಸರಿನಲ್ಲೇ ಉಳಿದ ಮನೆಗಳುಂಟು, ಭಾಗವಾಗದ ವಠಾರಗಳುಂಟು. ಕೆಳಗಿನ ಮನೆಯಲ್ಲಿರುವ ಹಿರಿಯ ಮಗ ಖಾತೆ ತೋರಿಸಿ ಲೀಸಿನ ಹಣ ತೆಗೆದುಕೊಳ್ಳುತ್ತಾನೆ. ಖಾತೆ ಎಂಬುದು ಕಂದಾಯ ಕಟ್ಟುವವನ ಹೆಸರನ್ನು ಹೇಳುತ್ತದೆ, ಒಡೆತನವನ್ನು ಕೊಡುವುದಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಗಟ್ಟಿ ಮಾಡಿತು. ತಂಗಿಯರು ತಂದ ಪಾಲಿನ ದಾವೆಯಲ್ಲಿ ಮನೆಗೆ ತಡೆಯಾಜ್ಞೆ ಬಂದಾಗ, ಒಬ್ಬ ಪಾಲುದಾರನ ರುಜುವಿನ ಮೇಲೆ ಹಣ ಕೊಟ್ಟವನ ಸ್ಥಿತಿ ಬೆಕ್ಕಿಗೂ ನಾಯಿಗೂ ನಡುವೆ ಸಿಕ್ಕಿದ ಹಾಲಿನ ಬಟ್ಟಲಿನಂತೆ. ಎಲ್ಲ ಹಕ್ಕುದಾರರ, ಹೆಣ್ಣುಮಕ್ಕಳನ್ನೂ ಸೇರಿಸಿ, ರುಜು ಬೇಕೆಂದು ಹಟ ಹಿಡಿಯಬೇಕು. ನಡುವೆ ಮಾಲೀಕನು ಮನೆಯನ್ನು ಮಾರಿದರೆ ನಿಮ್ಮ ಕ್ರಮಬದ್ಧ ಗುತ್ತಿಗೆ ಹೊಸಬನನ್ನೂ ಕಟ್ಟುತ್ತದೆ, ಸರಿಯೆ. ಆದರೆ ನಿಮ್ಮ ಠೇವಣಿ ಹಿಂದಿರುಗಿಸುವ ಹೊಣೆಯನ್ನು ಹೊಸಬನು ಹೊತ್ತಿದ್ದಾನೆಂದು ಬರವಣಿಗೆಯಲ್ಲಿ ಪಡೆಯದಿದ್ದರೆ ಇಬ್ಬರೂ ಒಬ್ಬರ ಕಡೆಗೆ ಒಬ್ಬರು ಬೆರಳು ತೋರಿಸುತ್ತಾರೆ.

ಅಂಗಡಿಕಾರ ಬಂಧುಗಳಿಗೆ ಬೇರೊಂದು ಮಾತು ಹೇಳಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲ ನೋಡಿದವರು ಇಂದೂ ‘ನಾನು ಇಪ್ಪತ್ತು ವರ್ಷದಿಂದ ಇದ್ದೇನೆ, ನನ್ನನ್ನು ಯಾರೂ ಬಿಡಿಸಲಾರರು’ ಎನ್ನುತ್ತಾರೆ. ಆ ಕಾಯ್ದೆ ಹೋಯಿತು. ಅದರ ಜಾಗದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದರ ಕೊಡೆ ಚಿಕ್ಕದು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯ ಕಟ್ಟಡ ಅದರ ಹೊರಗೆ. ವ್ಯಾಪಾರದ ಸ್ಥಳವಾದರೆ 14 ಚದರ ಮೀಟರಿಗಿಂತ ದೊಡ್ಡದು ಹೊರಗೆ. ಇಂದಿನ ಬಾಡಿಗೆಗಳಲ್ಲಿ ಯಾರು ಒಳಗುಳಿದರು? ಹೊರಗಿರುವವನಿಗೆ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ತಿಂಗಳ ಬಾಡಿಗೆಯಾದರೆ ಹದಿನೈದು ದಿನದ ನೋಟೀಸು ಸಾಕು, ಬಿಡಿಸಲು ಬೇರೆ ಕಾರಣ ಹೇಳಬೇಕಾಗಿಲ್ಲ. ಹಾಗಾಗಿ ಗುಡ್‌ವಿಲ್ ಎಂದೋ ಪಗಡಿ ಎಂದೋ ಲಕ್ಷಗಟ್ಟಲೆ ಕೊಟ್ಟು ಅಂಗಡಿ ಹಿಡಿಯುವವನು, ಹಳೆಯ ಬಾಡಿಗೆದಾರನಿಂದ ಕೊಳ್ಳುತ್ತಿರುವುದು ಏನನ್ನು ಎಂದು ಕೇಳಿಕೊಳ್ಳಬೇಕು. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಗುತ್ತಿಗೆದಾರನು ತನ್ನ ಹಕ್ಕನ್ನು ವರ್ಗಾಯಿಸಬಹುದೆಂದು 108ನೆಯ ಕಲಂ ಹೇಳುವುದು ನಿಜ. ಆದರೆ ನಿಷೇಧವಿಲ್ಲದ ಕರಾರನ್ನು ನಾವಂತೂ ಹೆಚ್ಚು ಕಂಡಿಲ್ಲ. ನಿಷೇಧವಿದ್ದೂ ಕೊಂಡರೆ ಮಾಲೀಕನಿಗೆ ಗುತ್ತಿಗೆ ರದ್ದುಮಾಡುವ ಅಸ್ತ್ರವನ್ನು ಕೊಂಡವನೇ ಕೈಗಿತ್ತಂತೆ. ಬಾಡಿಗೆ ಬಾಕಿಗಾಗಿ ಗುತ್ತಿಗೆ ಮುರಿದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿ ಉಳಿಸಿಕೊಳ್ಳಲು 114ನೆಯ ಕಲಂ ಅವಕಾಶ ಕೊಟ್ಟಿದೆ. ಇದನ್ನು ಹೆದರಿದ ವ್ಯಾಪಾರಿಗಳು ತಿಳಿದಿರಬೇಕು.

ಪಾಲಿಕೆಯ ಮಳಿಗೆಗಳದು ಇನ್ನೂ ಬಿಗಿ. 2025ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಒಡೆದು ಐದು ಪಾಲಿಕೆಗಳಾದವು. ಮಾಲೀಕನ ಹಲಗೆ ಬದಲಾಯಿತು, ಗುತ್ತಿಗೆಯ ಷರತ್ತು ಬದಲಾಗಲಿಲ್ಲ. ಅವಧಿ ಮುಗಿದ ಮಳಿಗೆಯಲ್ಲಿ ಕುಳಿತವನ ಮೇಲೆ 1974ರ ಸಾರ್ವಜನಿಕ ಆವರಣಗಳ ಕಾಯ್ದೆಯನ್ನು ಪ್ರಯೋಗಿಸಬಹುದು. ಅದರಲ್ಲಿ ಸಿವಿಲ್ ದಾವೆಯ ನಿಧಾನವಿಲ್ಲ. ಅಂಥ ಮಳಿಗೆಯನ್ನು ಒಳಗೊಳಗೇ ಇನ್ನೊಬ್ಬರಿಂದ ಕೊಂಡವನ ಹೆಸರು ಕಡತದಲ್ಲಿ ಇರುವುದೇ ಇಲ್ಲ.

ನಿವೇಶನ ಕೊಳ್ಳುವವರ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಹಿಂದೆ 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿ, 1976ರಿಂದ ಅದರ ಸ್ಥಾನದಲ್ಲಿರುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇವು ನಿವೇಶನವನ್ನು ಮೊದಲು ಲೀಸ್ ಕಂ ಸೇಲ್ ಕರಾರಿನಲ್ಲಿ ಕೊಟ್ಟು, ಮನೆ ಕಟ್ಟಬೇಕು, ಪರಭಾರೆ ಮಾಡಬಾರದು ಎಂಬ ಷರತ್ತುಗಳನ್ನು ಹಾಕಿದವು. 1984ರ ನಿಯಮಗಳಲ್ಲಿ ಆ ಅವಧಿ ಹತ್ತು ವರ್ಷ. ಆಮೇಲೆ ಶುದ್ಧ ಕ್ರಯಪತ್ರ. ಅದು ಬರುವ ಮೊದಲು ಹಂಚಿಕೆದಾರನು ಗುತ್ತಿಗೆದಾರನೇ ಹೊರತು ಒಡೆಯನಲ್ಲ. ತನ್ನಲ್ಲಿಲ್ಲದ ಒಡೆತನವನ್ನು ಮಾರಲಾರ. ಆದರೂ ಮಾರಾಟ ನಡೆಯುತ್ತದೆ. ಒಂದು ಮುಖ್ತ್ಯಾರ್‌ನಾಮೆ, ಒಂದು ಕ್ರಯದ ಕರಾರು, ಒಂದು ಉಯಿಲು, ಮೂರನ್ನೂ ಸೇರಿಸಿ ಕಟ್ಟಿದ ಕಾಗದದ ಕಟ್ಟು. ಇಂಥ ಕಟ್ಟಿನಿಂದ ಒಡೆತನ ದಾಟುವುದಿಲ್ಲವೆಂದು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿತು. ಬರೆದುಕೊಟ್ಟವನು ಸತ್ತರೆ ಸಾಮಾನ್ಯವಾಗಿ ಮುಖ್ತ್ಯಾರ್‌ನಾಮೆ ಅವನೊಡನೆಯೇ ಸಾಯುತ್ತದೆ. ಬೆಲೆ ಏರಿದ ನಿವೇಶನಕ್ಕೆ ಅವನ ಮಕ್ಕಳು ಬಂದು ನಿಲ್ಲುತ್ತಾರೆ.

ಇಷ್ಟೆಲ್ಲ ಎಚ್ಚರವನ್ನು ಬಡವನಿಗೇ ಹೇಳುತ್ತೀರಲ್ಲ, ಗುತ್ತಿಗೆಯ ಕಾನೂನು ಎಲ್ಲರಿಗೂ ಒಂದೇ ಅಲ್ಲವೆ ಎಂದರೆ, ಪುಸ್ತಕದಲ್ಲಿ ಒಂದೇ. ಬೆಂಗಳೂರಿನ ನಡುಮಧ್ಯದ ಕುದುರೆ ಪಂದ್ಯದ ಸರ್ಕಾರಿ ಜಮೀನಿನ ಗುತ್ತಿಗೆ 2009ರ ಡಿಸೆಂಬರಿನಲ್ಲಿ ಮುಗಿಯಿತು. ಅದರ ನಂತರವೂ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತು, ವ್ಯಾಜ್ಯ ನಡೆಯಿತು, ಕುದುರೆಗಳೂ ಓಡಿದವು. ಹದಿನೈದು ದಿನದ ನೋಟೀಸಿಗೆ ಪಾತ್ರೆ ಪಡಗ ಹೊರಗಿಡುವವನು ಇದನ್ನು ನೋಡಿ ಏನೆಂದುಕೊಳ್ಳಬೇಕು? ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾ ಮಿಲ್ಲುಗಳ ಕೊಳವೆಗಳು ಆರಿದವು. ರಾಜಾ ಮಿಲ್ಲು ಇದ್ದ ಜಾಗದಲ್ಲಿ ಮಾಲು ಎದ್ದಿತು, ಬಿನ್ನಿಯ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದವು. ಅಲ್ಲಿ ದುಡಿದವನ ಮೊಮ್ಮಗ ಅದೇ ಆಸುಪಾಸಿನಲ್ಲಿ ಲೀಸ್ ಮನೆ ಹುಡುಕುತ್ತಿದ್ದಾನೆ.

ಗೇಣಿದಾರನ ಪ್ರಶ್ನೆಯನ್ನು ಈ ನಾಡು ಎತ್ತಿಯೇ ಇಲ್ಲವೆಂದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತರು, ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಯನ್ನು ತಿದ್ದಿ ಉಳುವವನನ್ನು ಒಡೆಯನನ್ನಾಗಿ ಮಾಡಲು ಹೊರಟಿತು. ಕರಾವಳಿಯ ಮೂಲಗೇಣಿದಾರರಿಗೆ ಒಡೆತನ ಕೊಡಿಸಲು 2011ರಲ್ಲಿ ಬೇರೆಯೇ ಕಾಯ್ದೆ ಬಂತು. ಬ್ರಿಟನ್ನಿನಲ್ಲೂ ಹೀಗೆಯೇ ಆಯಿತು. ದಕ್ಷಿಣ ವೇಲ್ಸಿನ ಗಣಿಕಾರ್ಮಿಕರು ಜಮೀನ್ದಾರನ ನೆಲದ ಮೇಲೆ ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಮನೆ ಕಟ್ಟಿಕೊಂಡಿದ್ದರು. ಅವಧಿ ಮುಗಿಯುತ್ತಾ ಬಂದಾಗ ಅಜ್ಜ ಕಟ್ಟಿದ ಗೋಡೆಯೂ ಜಮೀನ್ದಾರನ ಪಾಲಾಗುವ ಹೊತ್ತು ಬಂತು. ಕೂಗು ಎದ್ದಿತು, 1967ರಲ್ಲಿ ಲೇಬರ್ ಸರ್ಕಾರ ಅಂಥ ಮನೆಯವರಿಗೆ ನೆಲವನ್ನೂ ಕೊಳ್ಳುವ ಹಕ್ಕು ಕೊಟ್ಟಿತು. ಅಲ್ಲಿ ಆ ಕೆಲಸ ಇನ್ನೂ ಮುಗಿದಿಲ್ಲ; 2022ರಲ್ಲಿ ಹೊಸ ದೀರ್ಘ ಗುತ್ತಿಗೆಗಳ ಮೇಲಿನ ನೆಲಬಾಡಿಗೆಯನ್ನು ತೆಗೆದರು, 2024ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು.

ಪಟ್ಟಣದ ಬಾಡಿಗೆದಾರನಿಗೆ ಮನೆಯ ಒಡೆತನ ಕೊಡಿರೆಂದು ನಾವು ಈ ಅಂಕಣದಲ್ಲಿ ಕೇಳುತ್ತಿಲ್ಲ. ನಾವು ಕೇಳುವುದು ಅದಕ್ಕಿಂತ ಬಹಳ ಚಿಕ್ಕದು. ವಾಸದ ಮನೆಗೆ ಕೊಟ್ಟ ಲೀಸಿನ ಹಣಕ್ಕೆ, ಕಾಗದದ ತಲೆಬರಹ ಏನೇ ಇರಲಿ, ಆ ಮನೆಯ ಮೇಲೆ ಭಾರವಿರತಕ್ಕದ್ದೆಂದು ವಿಧಾನಸಭೆ ಕಾಯ್ದೆ ಮಾಡಲಿ. ಇಂತಿಷ್ಟು ಲಕ್ಷದೊಳಗಿನ ಭೋಗ್ಯ ಪತ್ರಕ್ಕೆ ಮುದ್ರಾಂಕ ಶುಲ್ಕವನ್ನು ಹೆಸರಿಗೆ ಮಾತ್ರ ಇಡಲಿ. ಶುಲ್ಕದ ಭಯಕ್ಕೆ ಜನ ಕಾಗದವನ್ನೇ ಬಿಟ್ಟುಬಿಡುವುದರಿಂದ ಸರ್ಕಾರದ ಬೊಕ್ಕಸಕ್ಕೂ ಏನೂ ಬರುತ್ತಿಲ್ಲ. ಮನೆಯ ಜಪ್ತಿಗೆ ಹೊರಟ ಬ್ಯಾಂಕು ಸಾಲಗಾರನಿಗೆ ನೋಟೀಸು ಕೊಡುವ ದಿನವೇ ಒಳಗೆ ವಾಸವಿರುವವರಿಗೂ ಕನ್ನಡದಲ್ಲಿ ಒಂದು ನೋಟೀಸು ಕೊಡುವಂತೆ ಸಂಸತ್ತು ವಿಧಿಸಲಿ. ಕೊನೆಯದಕ್ಕೆ ಒಂದು ಅಂಚೆಚೀಟಿಯ ಖರ್ಚು.

ಕಾಯ್ದೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಂ ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ವರಮಾನ ಕಡಿಮೆಯಿರುವವರಿಗೆ ಉಚಿತ ವಕೀಲರ ನೆರವನ್ನು ಹಕ್ಕಾಗಿ ಕೊಟ್ಟಿದೆ. ಜಿಲ್ಲಾ ಪ್ರಾಧಿಕಾರದ ಕಚೇರಿ ನಮ್ಮ ನಿಮ್ಮ ಊರಿನ ನ್ಯಾಯಾಲಯದ ಆವರಣದಲ್ಲೇ ಇದೆ. ಹಣ ಹೋದ ಮೇಲೆ ಅಲ್ಲಿಗೆ ಅಳುತ್ತಾ ಹೋಗುವ ಬದಲು, ಮಗ ಬೆಂಗಳೂರಿನಿಂದ ಕರಾರಿನ ಕರಡನ್ನು ಕಳಿಸಿದ ದಿನವೇ ಅದನ್ನು ಹಿಡಿದು ಹೋಗಿ. ಜೊತೆಗೆ ಋಣಭಾರ ಪತ್ರ, ಮೂಲ ಕ್ರಯಪತ್ರದ ನಕಲು, ಮಾಲೀಕನ ವಂಶವೃಕ್ಷ ಇರಲಿ. ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಓದಿ ಅರ್ಥವಾಗುವ ತನಕ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.